ಯೆಹೋಶುವನ ನಂತರ ಯಾರು? ಕ್ರೈಸ್ತ ಸಭೆಗಳಲ್ಲಿ ನಾಯಕತ್ವದ ಹಸ್ತಾಂತರ

ಮೋಶೆ ತನ್ನ ನಂತರದವನನ್ನು ತಾನು ಬದುಕಿರುವಾಗಲೇ ಸಿದ್ಧಮಾಡಿದ. ಯೆಹೋಶುವ ಹಾಗೆ ಯಾರನ್ನಾದರೂ ಸಿದ್ಧಮಾಡಿದನೆಂದು ಬೈಬಲ್ ಎಲ್ಲಿಯೂ ಹೇಳುವುದಿಲ್ಲ. ಅವನು ತೀರಿಕೊಂಡು ನ್ಯಾಯಸ್ಥಾಪಕರ ಗ್ರಂಥದ ಎರಡನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ, ದೇವರನ್ನಾಗಲಿ ಆತನ ಕಾರ್ಯಗಳನ್ನಾಗಲಿ ಅರಿಯದ ಹೊಸ ತಲೆಮಾರೊಂದು ಎದ್ದು ನಿಂತಿರುತ್ತದೆ. ಅಲ್ಲಿಂದ ಮುಂದೆ ಪ್ರತಿಯೊಬ್ಬರೂ ತಮಗೆ ಸರಿತೋರಿದಂತೆ ನಡೆದ ಕಾಲದ ಕಥೆ.

ಹಿರಿಯರು ಕಿರಿಯರನ್ನು ನಾಯಕತ್ವಕ್ಕೆ ಅಣಿಗೊಳಿಸಬೇಕೆಂಬುದನ್ನು ಕ್ರೈಸ್ತ ಸಭೆಗಳಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಹೇಗೆ, ಯಾರನ್ನು, ಎಷ್ಟು ಬೇಗ ಎಂದು ಕೇಳಿದಾಗ ಮಾತ್ರ ಎರಡು ಸಾವಿರ ವರ್ಷಗಳಿಂದಲೂ ಒಮ್ಮತ ಮೂಡಿಲ್ಲ. ಈ ಚರ್ಚೆಯ ಹರವನ್ನು ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಕಲಿಸುವುದು ಹೇಗೆಂದು ಸಭೆಗೆ ಚೆನ್ನಾಗಿ ಗೊತ್ತು, ಬಿಟ್ಟುಕೊಡುವುದು ಹೇಗೆಂದು ಅದು ಇನ್ನೂ ಕಲಿಯುತ್ತಿದೆ. ಎಷ್ಟೋ ಸಲ ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತೆಂದು ತಿಳಿದಿದ್ದೇವೆ.

ಬೈಬಲಿನಲ್ಲಿ ಮಾದರಿ ಒಂದೇ ಅಲ್ಲ

ಯೆಹೋಶುವನ ತರಬೇತಿ ದೀರ್ಘವಾದದ್ದು. ಅಮಾಲೇಕ್ಯರ ಮೇಲಿನ ಯುದ್ಧದಲ್ಲಿ ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದರೆ ಕೆಳಗೆ ಸೈನ್ಯ ನಡೆಸಿದವನು ಯೆಹೋಶುವ. ಎಲ್ದಾದ್ ಮತ್ತು ಮೇದಾದ್ ಪಾಳೆಯದಲ್ಲಿ ಪ್ರವಾದಿಸುತ್ತಿದ್ದಾರೆ, ಅವರನ್ನು ತಡೆಯಬೇಕೆಂದು ಅವನು ಆತುರಪಟ್ಟಾಗ ಮೋಶೆ ತಿದ್ದಿದ. ದೇವರ ಜನರೆಲ್ಲರೂ ಪ್ರವಾದಿಗಳಾದರೆ ಅದಕ್ಕಿಂತ ಒಳ್ಳೆಯದೇನಿದೆ ಎಂಬುದು ಆ ಹಿರಿಯನ ಅಭಿಪ್ರಾಯವಾಗಿತ್ತು. ತನ್ನ ಸ್ಥಾನವನ್ನು ಕಾಯಲು ಬಂದ ಶಿಷ್ಯನಿಗೆ ಗುರು ಕಲಿಸಿದ ದೊಡ್ಡ ಪಾಠ ಇದೇ ಎಂದು ನನಗನ್ನಿಸುತ್ತದೆ. ಕೊನೆಗೆ ಯಾಜಕನಾದ ಎಲ್ಲಾಜಾರನ ಮುಂದೆ, ಇಡೀ ಸಮೂಹದ ಮುಂದೆ ಮೋಶೆ ಅವನ ಮೇಲೆ ಕೈಯಿಟ್ಟು ತನ್ನ ಗೌರವದಲ್ಲಿ ಒಂದು ಪಾಲನ್ನು ಕೊಟ್ಟ. ಮೋಶೆಗೆ ಗೇರ್ಷೋಮ್, ಎಲೀಯೆಜೆರ ಎಂಬ ಇಬ್ಬರು ಮಕ್ಕಳಿದ್ದರು. ಅಧಿಕಾರ ಅವರಿಗೆ ಹೋಗಲಿಲ್ಲ. ಬೇರೆ ಕುಲದವನಾದ, ಎಫ್ರಾಯೀಮ್ಯನಾದ ಯೆಹೋಶುವನಿಗೆ ಹೋಯಿತು.

ಏಲಿ ಮತ್ತು ಸಮುವೇಲರದು ಬೇರೆಯೇ ಬಗೆ. ಕಣ್ಣು ಮಂಜಾದ ಏಲಿಗೆ ಸ್ವಂತ ಮಕ್ಕಳನ್ನು ತಿದ್ದಲಾಗಲಿಲ್ಲ. ಆದರೂ ರಾತ್ರಿ ತನ್ನನ್ನು ಯಾರೋ ಕರೆದರೆಂದು ಓಡಿಬಂದ ಹುಡುಗನಿಗೆ, ಕರೆಯುತ್ತಿರುವವನು ಯಾರೆಂಬುದನ್ನು ಗುರುತಿಸಿ ಹೇಳಿದವನು ಅವನೇ. ಮರುದಿನ ಅದೇ ಹುಡುಗನ ಬಾಯಿಂದ ತನ್ನ ಮನೆತನದ ಮೇಲಿನ ದಂಡನೆಯನ್ನು ಒತ್ತಾಯಿಸಿ ಕೇಳಿಸಿಕೊಂಡ, ಒಪ್ಪಿಕೊಂಡ. ಸೋತ ಹಿರಿಯನೂ ಕಿರಿಯನಿಗೆ ದಾರಿ ತೋರಬಲ್ಲ ಎಂಬ ಭರವಸೆ ಈ ಪ್ರಸಂಗದಲ್ಲಿದೆ. ಮುಂದೆ ಸಮುವೇಲ ತನ್ನ ಮಕ್ಕಳಾದ ಯೋವೇಲ, ಅಬೀಯರನ್ನು ನ್ಯಾಯಾಧಿಪತಿಗಳನ್ನಾಗಿ ನೇಮಿಸಿದ. ಅವರು ಲಂಚ ತಿಂದರು, ಜನ ಅರಸನನ್ನು ಕೇಳಿದರು. ಏಲಿಯ ಮನೆಯ ತಪ್ಪನ್ನು ಕಣ್ಣಾರೆ ಕಂಡವನೇ ಅದನ್ನು ಮತ್ತೆ ಮಾಡಿದ.

ಹೊಸ ಒಡಂಬಡಿಕೆಯಲ್ಲಿ ಯೇಸು ಹನ್ನೆರಡು ಮಂದಿಯನ್ನು ಮೊದಲು ತನ್ನ ಜೊತೆಗಿರಲು, ಆಮೇಲೆ ಕಳುಹಿಸಲು ಆರಿಸಿಕೊಂಡನೆಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಪೌಲ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಒಂದೇ ವಾಕ್ಯದೊಳಗೆ ನಾಲ್ಕು ತಲೆಮಾರುಗಳಿವೆ: ಪೌಲ, ತಿಮೊಥೆಯ, ತಿಮೊಥೆಯನಿಂದ ಕಲಿಯುವ ನಂಬಿಗಸ್ತರು, ಅವರಿಂದ ಕಲಿಯುವ ಇತರರು. ಇದೇ ಪೌಲ, ನಡುದಾರಿಯಲ್ಲಿ ಬಿಟ್ಟುಹೋದ ಯೌವನಸ್ಥ ಮಾರ್ಕನನ್ನು ಮತ್ತೆ ಕರೆದೊಯ್ಯಲು ಒಪ್ಪದೆ ಬಾರ್ನಬನೊಡನೆ ಜಗಳವಾಡಿ ಬೇರೆಯಾಗಿದ್ದ. ಬಾರ್ನಬ ಮಾರ್ಕನ ಕೈ ಬಿಡಲಿಲ್ಲ. ವರ್ಷಗಳ ಮೇಲೆ ಸೆರೆಮನೆಯಲ್ಲಿದ್ದ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕಾದವನು ಎಂಬರ್ಥದಲ್ಲಿ ಬರೆದ. ಎಡವಿದ ಕಿರಿಯನಿಗೆ ಎರಡನೆಯ ಅವಕಾಶ ಕೊಡಬೇಕೇ ಎಂಬ ವಾದದಲ್ಲಿ ಗೆದ್ದವನು ಬಾರ್ನಬ.

ಮಠದಿಂದ ಸೆಮಿನರಿಗೆ

ಮೊದಲ ಶತಮಾನಗಳಲ್ಲಿ ಸಭಾನಾಯಕರಾಗುವವರು ಹೆಚ್ಚಾಗಿ ಒಬ್ಬ ಬಿಷಪನ ಮನೆಯಲ್ಲೋ ಒಂದು ಮಠದಲ್ಲೋ ಜೊತೆಗಿದ್ದೇ ಕಲಿತರು. ಹಿಪ್ಪೋದ ಆಗಸ್ಟೀನ್ ತನ್ನ ಧರ್ಮಗುರುಗಳೊಂದಿಗೆ ಒಂದೇ ಮನೆಯಲ್ಲಿ ಬಾಳಿದ. ಅಲ್ಲಿಂದ ಹಲವರು ಆಫ್ರಿಕದ ಬೇರೆ ಊರುಗಳ ಬಿಷಪರಾಗಿ ಹೋದರು. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯ ಮೂರನೆಯ ಅಧ್ಯಾಯ ಒಂದು ಸೂಕ್ಷ್ಮವನ್ನು ಹೇಳುತ್ತದೆ: ಮಹತ್ವದ ವಿಷಯ ಬಂದಾಗ ಮಠಾಧಿಪತಿ ಎಲ್ಲರನ್ನೂ ಸಭೆಗೆ ಕರೆಯಬೇಕು, ಏಕೆಂದರೆ ಉತ್ತಮವಾದದ್ದನ್ನು ದೇವರು ಎಷ್ಟೋ ಸಲ ಚಿಕ್ಕವರಿಗೇ ತೋರಿಸುತ್ತಾನೆ. ನಮ್ಮ ಎಷ್ಟು ಸಭಾಸಮಿತಿಗಳಲ್ಲಿ ಇವತ್ತಿಗೂ ಈ ನಿಯಮ ಜಾರಿಯಲ್ಲಿದೆ?

1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಪ್ರಾಂತ್ಯವೂ ಗುರುಗಳಾಗುವ ಹುಡುಗರಿಗಾಗಿ ಸೆಮಿನರಿ ನಡೆಸಬೇಕೆಂದು ವಿಧಿಸಿತು. ಓದುಬರಹ ಅರಿಯದ ಪಾದ್ರಿಗಳ ಸಮಸ್ಯೆಗೆ ಅದು ನಿಜವಾದ ಮದ್ದಾಗಿತ್ತು. ಪ್ರೊಟೆಸ್ಟೆಂಟರೂ ಬೇರೆ ದಾರಿಯಿಂದ ಅಲ್ಲಿಗೇ ಬಂದರು. 1818ರ ಸೆರಾಂಪುರ ಕಾಲೇಜು, 1910ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಈ ಪರಂಪರೆಯವು.

ಮಿಶನರಿ ಕಾಲದ ಪರೀಕ್ಷೆ

ಪ್ರಶ್ನೆ ನಿಜವಾಗಿ ಬಿಸಿಯೇರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ವಿದೇಶಿ ಮಿಶನರಿ ದೇಶೀಯ ಸಭೆಗೆ ಹೊಣೆ ಒಪ್ಪಿಸಬೇಕಾಗಿ ಬಂದಾಗ. ಲಂಡನ್ನಿನ ಚರ್ಚ್ ಮಿಶನರಿ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ವೆನ್ ಮತ್ತು ಅಮೆರಿಕದ ರೂಫಸ್ ಆಂಡರ್ಸನ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಒಂದೇ ಮಾತು ಹೇಳಿದರು: ಸಭೆ ತನ್ನನ್ನು ತಾನೇ ಆಳಿಕೊಳ್ಳಬೇಕು, ತನ್ನ ಖರ್ಚು ತಾನೇ ಹೊರಬೇಕು, ತಾನೇ ಬೆಳೆಯಬೇಕು, ಮಿಶನರಿ ತನ್ನ ಅಗತ್ಯವೇ ಇಲ್ಲದಂತೆ ಮಾಡಿ ಮುಂದೆ ಸಾಗಬೇಕು.

ಮಾತು ಆಚರಣೆಗೆ ಬಂದಾಗ ಏನಾಯಿತೆಂಬುದಕ್ಕೆ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಅವರ ಬದುಕೇ ಸಾಕ್ಷಿ. ಬಾಲ್ಯದಲ್ಲಿ ಗುಲಾಮನಾಗಿ ಮಾರಾಟವಾಗಿ, 1822ರಲ್ಲಿ ಬಿಡುಗಡೆಯಾದ ಈ ಯೊರುಬಾ ಹುಡುಗ, ವೆನ್ ಅವರ ಬೆಂಬಲದಿಂದ 1864ರಲ್ಲಿ ಮೊದಲ ಆಫ್ರಿಕನ್ ಆಂಗ್ಲಿಕನ್ ಬಿಷಪ್ ಆದರು. 1873ರಲ್ಲಿ ವೆನ್ ತೀರಿಕೊಂಡರು. ಮುಂದೆ ನೈಜರ್ ಪ್ರದೇಶಕ್ಕೆ ಬಂದ ಎಳೆಯ ಇಂಗ್ಲಿಷ್ ಮಿಶನರಿಗಳು ಎಂಬತ್ತು ದಾಟಿದ ಬಿಷಪರ ಸಹಾಯಕರನ್ನು ಒಬ್ಬೊಬ್ಬರಾಗಿ ಕೆಲಸದಿಂದ ತೆಗೆದರು, ಅವರ ಅಧಿಕಾರವನ್ನು ಕಿತ್ತುಕೊಂಡರು. 1891ರ ಕೊನೆಯ ದಿನ ಕ್ರೌಥರ್ ನಿಧನರಾದರು. ಅವರ ಸ್ಥಾನಕ್ಕೆ ಬಂದದ್ದು ಯುರೋಪಿಯನ್ ಬಿಷಪ್. ಹಿರಿಯ ಯಾರು, ಕಿರಿಯ ಯಾರು ಎಂಬುದನ್ನು ಇಲ್ಲಿ ನಿರ್ಧರಿಸಿದ್ದು ವಯಸ್ಸಲ್ಲ, ಮೈಬಣ್ಣ.

ನಮ್ಮ ಕರಾವಳಿಯ ಕಥೆಯೂ ಇದರಿಂದ ದೂರವಿಲ್ಲ. 1834ರಲ್ಲಿ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದು ಬಾಸೆಲ್ ಮಿಶನ್ನಿನ ಕೆಲಸ ಆರಂಭಿಸಿದರು. ಎರಡು ವರ್ಷಗಳ ನಂತರ ಬಂದ ಹರ್ಮನ್ ಮೋಗ್ಲಿಂಗ್ ಅವರನ್ನು ಕನ್ನಡಿಗರು 'ಮಂಗಳೂರ ಸಮಾಚಾರ'ದ ಸಂಪಾದಕರೆಂದು ನೆನೆಯುತ್ತಾರೆ. ಸಭೆಯ ದೃಷ್ಟಿಯಿಂದ ಅವರ ದೊಡ್ಡ ಕೆಲಸ ಶಿಷ್ಯರನ್ನು ಬೆಳೆಸಿದ್ದು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯರನ್ನು ಅವರು ಬಾಸೆಲ್‌ಗೇ ಕರೆದೊಯ್ದರು. ಯುರೋಪಿಯನ್ ಮಿಶನರಿಗಳು ಕಲಿತ ಶಾಲೆಯಲ್ಲಿಯೇ ಕಲಿತು, 1851ರಲ್ಲಿ ಗುರುದೀಕ್ಷೆ ಪಡೆದು ಕೌಂಡಿನ್ಯ ಊರಿಗೆ ಮರಳಿದರು, ಸೆಮಿನರಿಯಲ್ಲಿ ಪಾಠ ಹೇಳಿದರು. ಒಬ್ಬ ಹಿರಿಯ ಮನಸ್ಸು ಮಾಡಿದರೆ ಏನು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಆದರೆ ಅದು ರೂಢಿಯಾಗಲಿಲ್ಲ, ಅಪವಾದವಾಗಿಯೇ ಉಳಿಯಿತು. ನಂತರದ ದಶಕಗಳಲ್ಲಿ ಉಪದೇಶಿಗಳೂ ದೇಶೀಯ ಪಾಸ್ಟರುಗಳೂ ಅನೇಕರು ತಯಾರಾದರು. ಮಿಶನ್ನಿನ ಹಣ, ಆಸ್ತಿ, ನೇಮಕದ ತೀರ್ಮಾನ ಮಾತ್ರ ಮಿಶನರಿಗಳ ಕೈಯಲ್ಲೇ ಇತ್ತು.

1914ರಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿಟ್ಟು, ಬಳಿಕ ದೇಶದಿಂದ ಕಳುಹಿಸಿತು. ಮಿಶನರಿಗಳು ತಾವಾಗಿ ಕೊಡದಿದ್ದ ಹೊಣೆ ಇದ್ದಕ್ಕಿದ್ದಂತೆ ಸ್ಥಳೀಯ ಪಾಸ್ಟರುಗಳ, ಸಭಾಹಿರಿಯರ ಹೆಗಲಿಗೆ ಬಿತ್ತು. ಸಭೆ ಮುರಿದು ಬೀಳಲಿಲ್ಲ. ಅವರು ಇನ್ನೂ ಸಿದ್ಧರಾಗಿಲ್ಲ ಎಂದು ಹಿರಿಯರು ಹೇಳುವಾಗಲೆಲ್ಲ ನನಗೆ ಈ ವರ್ಷಗಳು ನೆನಪಾಗುತ್ತವೆ.

ಇದರ ಎದುರಿಗೆ ಇಡಬೇಕಾದ ಹೆಸರು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. ತಿರುನೆಲ್ವೇಲಿ ಸೀಮೆಯ ಈ ಯುವಕ ವೈಎಂಸಿಎ ಕಾರ್ಯದರ್ಶಿಯಾಗಿ ಊರೂರು ತಿರುಗಿ, 1903ರಲ್ಲಿ ಇಂಡಿಯನ್ ಮಿಶನರಿ ಸೊಸೈಟಿಯನ್ನು, 1905ರಲ್ಲಿ ನ್ಯಾಶನಲ್ ಮಿಶನರಿ ಸೊಸೈಟಿಯನ್ನು ಇತರರೊಂದಿಗೆ ಸೇರಿ ಕಟ್ಟಿದರು. 1910ರ ಎಡಿನ್‌ಬರೋ ಸಮ್ಮೇಳನದಲ್ಲಿ, ಮಿಶನರಿಗಳು ತ್ಯಾಗ ಮಾಡಿದ್ದಾರೆ ನಿಜ, ಆದರೆ ನಮಗೆ ಬೇಕಾದದ್ದು ಸ್ನೇಹ ಎಂಬ ಅವರ ಮಾತು ಅನೇಕರನ್ನು ಕೆರಳಿಸಿತು. ಎರಡೇ ವರ್ಷಕ್ಕೆ, 1912ರ ಡಿಸೆಂಬರ್ 29ರಂದು, ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಅವರ ಪಟ್ಟು ಹಿಡಿದ ಪ್ರಯತ್ನದಿಂದ ಅಜರಯ್ಯ ದೋರ್ನಕಲ್‌ನ ಬಿಷಪ್ ಆದರು. ಆಗ ಅವರಿಗೆ 38 ವರ್ಷ. ವೈಟ್‌ಹೆಡ್ ತಮ್ಮ ಆಡಳಿತ ಪ್ರದೇಶದಲ್ಲೇ ಒಂದು ಭಾಗವನ್ನು ಬಿಟ್ಟುಕೊಟ್ಟು, ಬಂದ ಆಕ್ಷೇಪಗಳಿಗೆ ತಾವೇ ಎದೆಕೊಟ್ಟರು. ಅಜರಯ್ಯ 1945ರಲ್ಲಿ ತೀರಿಕೊಳ್ಳುವವರೆಗೂ ತೆಲುಗು ಹಳ್ಳಿಗಳ ಬಡ ಜನರ ನಡುವಿನಿಂದಲೇ ಉಪದೇಶಿಗಳನ್ನೂ ಗುರುಗಳನ್ನೂ ಎಬ್ಬಿಸುತ್ತ ಹೋದರು. ಪಡೆದದ್ದನ್ನು ಅವರು ಕೆಳಕ್ಕೆ ದಾಟಿಸಿದರು.

ಚಿಂತನೆಯ ಧಾರೆಗಳು

ಇಂದಿನ ಚರ್ಚೆಯಲ್ಲಿ ಕೇಳಿಬರುವ ವಾದಗಳಿಗೆಲ್ಲ ಈ ಇತಿಹಾಸದಲ್ಲಿ ಬೇರುಗಳಿವೆ.

ಸೆಮಿನರಿಯ ಪರವಾದ ವಾದ ಸರಳವಾದದ್ದು: ವೇದಾಧ್ಯಯನ, ಸಭೆಯ ಇತಿಹಾಸ, ಆಪ್ತಸಮಾಲೋಚನೆ ಗೊತ್ತಿಲ್ಲದವನ ಕೈಗೆ ಜನರ ಆತ್ಮಗಳನ್ನು ಒಪ್ಪಿಸಬಾರದು. ವರ್ಚಸ್ಸನ್ನೇ ನಂಬಿ ಹಾಳಾದ ಸಭೆಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ನಗರದ ಸೆಮಿನರಿಯಲ್ಲಿ ಓದಿದವರು ಹಳ್ಳಿಗೆ ಮರಳುವುದಿಲ್ಲ, ಹಳ್ಳಿಯ ನಿಜವಾದ ನಾಯಕರು ಮನೆಮಠ ಬಿಟ್ಟು ನಗರಕ್ಕೆ ಬರಲಾರರು. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯೊಂದು ಇದನ್ನು ಮನಗಂಡು ಪಾಠವನ್ನೇ ಊರಿಗೆ ಕೊಂಡೊಯ್ಯುವ ಕ್ರಮ ಶುರುಮಾಡಿತು. ಬೆಂಗಳೂರಿನ 'ಟ್ಯಾಫ್ಟೀ' ಸಂಸ್ಥೆ ಭಾರತದಲ್ಲಿ ಅದೇ ದಾರಿ ಹಿಡಿಯಿತು.

ಜೊತೆನಡೆಯ ಧಾರೆಯವರು ಯೇಸು ಪಠ್ಯಕ್ರಮ ಬರೆಯಲಿಲ್ಲ, ಹನ್ನೆರಡು ಮಂದಿಯೊಂದಿಗೆ ಬಾಳಿದ ಎನ್ನುತ್ತಾರೆ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಆರಂಭವಾದ ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿಯವರ ಚಿಕ್ಕ ಗುಂಪುಗಳು ಸಾಮಾನ್ಯ ಕೂಲಿಕಾರರನ್ನೂ ಮುಂದಾಳುಗಳನ್ನಾಗಿ ಮಾಡಿದವು. ಆಂಗ್ಲಿಕನ್ ಮಿಶನರಿ ರೋಲಂಡ್ ಆ್ಯಲನ್ 1912ರ ತಮ್ಮ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಪೌಲ ಕೆಲವೇ ತಿಂಗಳು ಕಲಿಸಿ ಸ್ಥಳೀಯರನ್ನೇ ಸಭಾಹಿರಿಯರನ್ನಾಗಿ ನೇಮಿಸಿ ಹೊರಟುಹೋಗುತ್ತಿದ್ದ, ನಾವೇಕೆ ತಲೆಮಾರುಗಳ ಕಾಲ ಕಾಯುತ್ತೇವೆ ಎಂದು ಕೇಳಿದರು. ರಾಬರ್ಟ್ ಕೋಲ್ಮನ್ನರ 1963ರ ಪುಸ್ತಕದಿಂದ ಈ ವಿಚಾರ ಸುವಾರ್ತಾ ಸಭೆಗಳಲ್ಲಿ ಮನೆಮಾತಾಯಿತು. ಇದರ ಅಪಾಯವನ್ನೂ ಹೇಳಬೇಕು. ಒಬ್ಬನ ನೆರಳಲ್ಲೇ ಬೆಳೆದವನು ಅವನ ಮಾತಿನ ಧಾಟಿಯನ್ನೂ ಅವನ ತಪ್ಪುಗಳನ್ನೂ ಕಲಿಯುತ್ತಾನೆ. ಗುರು ಮುಗ್ಗರಿಸಿದ ದಿನ ಇಡೀ ಬಳಗ ಮುಗ್ಗರಿಸುತ್ತದೆ.

ಮೂರನೆಯ ಧಾರೆ ನನಗೆ ಹೆಚ್ಚು ಹತ್ತಿರ. ನಾಯಕತ್ವ ಹೊಣೆ ಹೊತ್ತಾಗಲೇ ಬರುತ್ತದೆ ಎಂದು ಅದು ನಂಬುತ್ತದೆ. ಬೆಲ್ಜಿಯಂನ ಕಥೋಲಿಕ ಗುರು ಜೋಸೆಫ್ ಕಾರ್ಡೈನ್ 1925ರಲ್ಲಿ ಕಟ್ಟಿದ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆಯಲ್ಲಿ ಕಾರ್ಖಾನೆಯ ಹುಡುಗರೇ ತಮ್ಮ ಪರಿಸ್ಥಿತಿಯನ್ನು ನೋಡಿ, ವಿವೇಚಿಸಿ, ಕ್ರಮ ಕೈಗೊಳ್ಳುತ್ತಿದ್ದರು. ಪಾದ್ರಿ ಪಕ್ಕದಲ್ಲಿರುತ್ತಿದ್ದರು, ಕುರ್ಚಿಯಲ್ಲಿ ಅಲ್ಲ. ಭಾರತದಲ್ಲಿ ವೈಎಂಸಿಎ ಮತ್ತು ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಇಂಥ ಅಖಾಡಗಳಾಗಿದ್ದವು. ಎಂ. ಎಂ. ಥಾಮಸ್ ಅವರನ್ನೇ ನೋಡಿ. ಗುರುದೀಕ್ಷೆಯಿಲ್ಲದ ಈ ಕೇರಳದ ಗೃಹಸ್ಥ ಯುವಜನ ಚಳವಳಿಗಳಲ್ಲಿ ಬೆಳೆದು, ಬೆಂಗಳೂರಿನಲ್ಲಿ 1957ರಲ್ಲಿ ಸ್ಥಾಪನೆಯಾದ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯಲ್ಲಿ ಪಿ. ಡಿ. ದೇವನಂದನ್ ಅವರ ಜೊತೆಗಾರರಾದರು. ಹಿರಿಯರಾದ ದೇವನಂದನ್ ಥಾಮಸರನ್ನು ಕೈಕೆಳಗಿನವರಂತೆ ಕಾಣದೆ ಸಮಾನರಾಗಿ ಕಂಡರು. 1962ರಲ್ಲಿ ದೇವನಂದನ್ ಹಠಾತ್ತನೆ ತೀರಿಕೊಂಡಾಗ ಸಂಸ್ಥೆ ನಿಲ್ಲಲಿಲ್ಲ. ಥಾಮಸ್ ಅದನ್ನು ನಡೆಸಿದ್ದಲ್ಲದೆ 1968ರಿಂದ 1975ರವರೆಗೆ ಜಾಗತಿಕ ಸಭೆಗಳ ಮಂಡಳಿಯ ಕೇಂದ್ರ ಸಮಿತಿಯ ಅಧ್ಯಕ್ಷರಾಗಿದ್ದರು.

ಇದಕ್ಕೆ ಹೋಲಿಸಿದರೆ ನಮ್ಮ ಅನೇಕ ಸಭೆಗಳಲ್ಲಿ ಯುವಜನರಿಗೆ ಸಿಗುವುದು ಕ್ರಿಸ್ಮಸ್ ನಾಟಕ, ಗಾಯನ ತಂಡ, ಧ್ವನಿವರ್ಧಕದ ಉಸ್ತುವಾರಿ. ಲೆಕ್ಕಪತ್ರ, ಆಸ್ತಿ, ಪಾಸ್ಟರರ ವರ್ಗಾವಣೆಯ ಮಾತು ಬಂದಾಗ ಬಾಗಿಲು ಮುಚ್ಚುತ್ತದೆ.

ಇನ್ನೊಂದು ಧಾರೆಯಾದ ಮನೆತನದ ದಾರಿಯನ್ನು ಹೀಗಳೆದು ಬಿಡುವುದು ಸುಲಭ. ಆದರೆ ತಿಮೊಥೆಯನ ನಂಬಿಕೆ ಅಜ್ಜಿ ಲೋವಿ, ತಾಯಿ ಯೂನಿಕೆಯಿಂದ ಬಂದದ್ದೆಂದು ಪೌಲನೇ ನೆನೆಯುತ್ತಾನೆ. ಕೇರಳದ ಸಂತ ತೋಮನ ಕ್ರೈಸ್ತರಲ್ಲಿ ಪಕಲೋಮಟ್ಟಂ ಮನೆತನ ಸೋದರಮಾವನಿಂದ ಅಳಿಯನಿಗೆ ಹೊಣೆ ದಾಟಿಸುತ್ತ ಸಭೆಯನ್ನು ಕಾಯ್ದುಕೊಂಡಿತು. 1653ರ ಕೂನನ್ ಶಿಲುಬೆಯ ಪ್ರತಿಜ್ಞೆಯ ನಂತರವೂ ಆ ಸಾಲು ಮುಂದುವರಿಯಿತು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಕೇಡಗಾಂವಿನ ಮುಕ್ತಿ ಮಿಶನ್ನಿನ ಹೊಣೆಗೆ ಮಗಳು ಮನೋರಮಾಳನ್ನು ಬೆಳೆಸಿದರು. ಕಲಬುರ್ಗಿಯಲ್ಲಿ ತೆರೆದ ಶಾಲೆಯನ್ನು ಮಗಳೇ ನೋಡಿಕೊಂಡಳು. 1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡಳು, ಮರುವರ್ಷ ರಮಾಬಾಯಿಯೂ ಹೋದರು. ಮುಕ್ತಿ ಮಿಶನ್ ಇಂದಿಗೂ ಉಳಿದಿರುವುದು ಆ ಕೆಲಸ ಇಬ್ಬರ ಮೇಲಷ್ಟೇ ನಿಂತಿರದ ಕಾರಣದಿಂದ. ವಿರುದ್ಧ ಉದಾಹರಣೆ ಕ್ಯಾಲಿಫೋರ್ನಿಯದ ಕ್ರಿಸ್ಟಲ್ ಕ್ಯಾಥೆಡ್ರಲ್. ಅದರ ಸ್ಥಾಪಕ ರಾಬರ್ಟ್ ಶುಲರ್ 2006ರಲ್ಲಿ ಮಗನಿಗೆ ಪೀಠ ಒಪ್ಪಿಸಿದರು, ಎರಡೇ ವರ್ಷದಲ್ಲಿ ಮುನಿಸು ಬೆಳೆದು ಮಗ ಹೊರಬಿದ್ದ, 2010ರಲ್ಲಿ ಸಭೆ ದಿವಾಳಿಯಾಯಿತು. ಆ ಗಾಜಿನ ಕಟ್ಟಡ ಈಗ ಕಥೋಲಿಕ ಧರ್ಮಪ್ರಾಂತ್ಯದ್ದು. ಭಾರತದ ಸ್ವತಂತ್ರ ಸಭೆಗಳಲ್ಲಿ ಟ್ರಸ್ಟಿನ ಹೆಸರಿನಲ್ಲಿ ತಂದೆಯಿಂದ ಮಗನಿಗೆ ಆಸ್ತಿಯೂ ಪೀಠವೂ ಒಟ್ಟಿಗೆ ಹೋಗುವುದು ಸಾಮಾನ್ಯವಾಗುತ್ತಿರುವಾಗ ಸಮುವೇಲನ ಮಕ್ಕಳನ್ನು ಮರೆಯಬಾರದು.

ಯಾರನ್ನು ಆರಿಸುತ್ತಾರೆ?

ಮೇಲಿನ ಎಲ್ಲ ವಾದಗಳೂ ಹೇಗೆ ಕಲಿಸಬೇಕು ಎಂಬುದನ್ನು ಕೇಳುತ್ತವೆ. ದಲಿತ ದೇವಶಾಸ್ತ್ರವೂ ಸ್ತ್ರೀವಾದಿ ದೇವಶಾಸ್ತ್ರವೂ ಅದಕ್ಕಿಂತ ಹಿಂದಿನ ಪ್ರಶ್ನೆ ಕೇಳುತ್ತವೆ: ಹಿರಿಯರ ಕಣ್ಣಿಗೆ ಬೀಳುವ ಕಿರಿಯರು ಯಾರು? ಹಿರಿಯರು ತಮ್ಮಂತೆಯೇ ಇರುವವರನ್ನು ಆರಿಸಿದರೆ ತರಬೇತಿ ಎಷ್ಟು ಚೆನ್ನಾಗಿದ್ದರೂ ಹಳೆಯ ಅನ್ಯಾಯ ಹೊಸ ಮುಖದಲ್ಲಿ ಮುಂದುವರಿಯುತ್ತದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ಈ ಮಾತಿಗೆ ದೇವಶಾಸ್ತ್ರದ ಭಾಷೆ ಸಿಕ್ಕಿತು. ಸಭೆಯ ಬಹುಪಾಲು ಜನ ದಲಿತರಾಗಿರುವ ದೇಶದಲ್ಲಿ ಮೊದಲ ದಲಿತ ಕಾರ್ಡಿನಲ್ ಆಗಿ ಹೈದರಾಬಾದಿನ ಆಂಟನಿ ಪೂಲಾ ನೇಮಕಗೊಂಡದ್ದು 2022ರಲ್ಲಿ. ದಕ್ಷಿಣ ಭಾರತ ಸಭೆಗೆ ಮೊದಲ ಮಹಿಳಾ ಬಿಷಪ್ ಆಗಿ ನಂದ್ಯಾಲದಲ್ಲಿ ಪುಷ್ಪಲಲಿತಾ ಬಂದದ್ದು 2013ರಲ್ಲಿ, ಸಭೆ ಹುಟ್ಟಿ 66 ವರ್ಷಗಳ ಮೇಲೆ. ಸಂಡೇ ಸ್ಕೂಲನ್ನು ತಲೆಮಾರುಗಳಿಂದ ನಡೆಸುತ್ತ ಬಂದವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದನ್ನು ನೆನೆದರೆ ಈ ತಡ ಇನ್ನಷ್ಟು ನೋಯಿಸುತ್ತದೆ.

ಹಿರಿಯರು ಹೊರಡುವ ಹೊತ್ತು

1966ರಿಂದ ಕಥೋಲಿಕ ಸಭೆ ಬಿಷಪರು 75 ತುಂಬಿದಾಗ ರಾಜೀನಾಮೆ ಸಲ್ಲಿಸಬೇಕೆಂದು ಕೇಳಿಕೊಳ್ಳುತ್ತದೆ. 80 ದಾಟಿದ ಕಾರ್ಡಿನಲ್‌ಗಳಿಗೆ ಪೋಪರ ಆಯ್ಕೆಯಲ್ಲಿ ಮತವಿಲ್ಲ. 2013ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಸುಮಾರು ಆರು ಶತಮಾನಗಳಲ್ಲಿ ಮೊದಲ ಬಾರಿಗೆ ಪೋಪ್ ಪದವಿಯಿಂದ ಇಳಿದರು; ಮುಪ್ಪಿನಲ್ಲಿ ಬಲ ಸಾಲದೆಂದು ಅವರು ಒಪ್ಪಿಕೊಂಡದ್ದು ನನ್ನ ಪಾಲಿಗೆ ಅವರ ದೊಡ್ಡ ಪ್ರಬೋಧನೆಗಳಲ್ಲಿ ಒಂದು. ದಕ್ಷಿಣ ಭಾರತ ಸಭೆಯಲ್ಲಿ ಬಿಷಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ನ್ಯಾಯಾಲಯದವರೆಗೂ ಹೋಯಿತು. ವಯಸ್ಸಿನ ಮಿತಿ ಕುರ್ಚಿಯನ್ನು ಖಾಲಿ ಮಾಡಿಸುತ್ತದೆ, ಅದರಲ್ಲಿ ಕೂರಬಲ್ಲವರನ್ನು ತಯಾರಿಸುವುದಿಲ್ಲ. ಆದರೆ ಮಿತಿಯೇ ಇಲ್ಲದ ಸಭೆಗಳಲ್ಲಿ ಸಾವೊಂದೇ ಹಸ್ತಾಂತರದ ದಾರಿಯಾಗುವುದನ್ನು ಕಂಡಾಗ ಮಿತಿ ಬೇಕೆಂದೇ ಅನ್ನಿಸುತ್ತದೆ.

ಇತ್ಯರ್ಥವಾಗದ ಪ್ರಶ್ನೆಗಳು

ಕರಾವಳಿಯ ಹಾಗೂ ಉತ್ತರ ಕರ್ನಾಟಕದ ಸಭೆಗಳ ಯುವಜನ ಓದು, ಉದ್ಯೋಗಕ್ಕಾಗಿ ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗುತ್ತಿರುವಾಗ ಊರಿನ ಹಿರಿಯರು ಯಾರನ್ನು ಸಿದ್ಧಮಾಡಬೇಕು? ಇಲ್ಲಿ ಬೆಳೆಸಿ ಬೇರೆ ಊರಿನ ಸಭೆಗೆ ಒಪ್ಪಿಸುವುದನ್ನು ನಷ್ಟವೆಂದು ಎಣಿಸಬೇಕೇ, ಸೇವೆಯೆಂದೇ? ಎರಡನೆಯದು ಸುವಾರ್ತೆಗೆ ಹತ್ತಿರವೆಂದು ತೋರಿದರೂ ಖಾಲಿ ಬೆಂಚುಗಳ ಮುಂದೆ ನಿಂತ ಪಾಸ್ಟರರಿಗೆ ಅದನ್ನು ಹೇಳುವುದು ಕಷ್ಟ.

ಇಂದಿನ ಯುವಕ ಯುವತಿಯರು ತಮ್ಮ ಹಿರಿಯರನ್ನು ಯೂಟ್ಯೂಬಿನಲ್ಲಿ ತಾವೇ ಆರಿಸಿಕೊಳ್ಳುತ್ತಾರೆ. ಮುಖ ಕಾಣದ ಬೋಧಕ ಮತ್ತು ಮನೆಗೆ ಬಂದು ಪ್ರಾರ್ಥಿಸುವ ಸಭಾಹಿರಿಯ, ಇವರಿಬ್ಬರಲ್ಲಿ ಯಾರು ಅವರನ್ನು ರೂಪಿಸುತ್ತಿದ್ದಾರೆ ಎಂಬುದಕ್ಕೆ ಯಾವ ಧಾರೆಯಲ್ಲಿಯೂ ಉತ್ತರ ಸಿದ್ಧವಿಲ್ಲ. ಕಿರಿಯರ ಮಾತನ್ನು ಎಷ್ಟು ಕೇಳಬೇಕು ಎಂಬುದೂ ಹಾಗೆಯೇ. ಹಿರಿಯರ ಸಲಹೆ ತಳ್ಳಿ ಜೊತೆಗಾರರ ಮಾತು ಕೇಳಿದ ಅರಸ ರೆಹಬ್ಬಾಮ ರಾಜ್ಯವನ್ನೇ ಒಡೆದ. ಬೆನೆಡಿಕ್ಟರ ನಿಯಮವಾದರೋ ಚಿಕ್ಕವರನ್ನು ಕೇಳು ಎನ್ನುತ್ತದೆ. ಹಸ್ತಾಂತರ ಆದಮೇಲೆ ಹಿರಿಯರು ಎಲ್ಲಿರಬೇಕು ಎಂಬುದನ್ನಂತೂ ನಾವು ಯೋಚಿಸಿಯೇ ಇಲ್ಲ. ಪಕ್ಕದಲ್ಲೇ ಉಳಿದರೆ ಹೊಸಬರಿಗೆ ಉಸಿರುಗಟ್ಟುತ್ತದೆ, ಪೂರ್ತಿ ದೂರ ಸರಿದರೆ ಅನುಭವ ವ್ಯರ್ಥವಾಗುತ್ತದೆ.

ಇವು ಬಗೆಹರಿಯುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಸಭೆಯ ಮುಂದಿನ ಸಮಿತಿ ಆಯ್ಕೆಯ ಹೊತ್ತಿಗೆ ಮೂವತ್ತು ದಾಟದ ಒಬ್ಬ ಯುವತಿಯನ್ನೋ ಯುವಕನನ್ನೋ ಲೆಕ್ಕಪತ್ರದ ಮೇಜಿಗೆ ಕರೆಯಿರಿ, ಸಹಿ ಹಾಕುವ ಅಧಿಕಾರ ಕೊಡಿ. ಮೊದಲ ವರ್ಷ ತಪ್ಪಾದರೆ ಎರಡನೆಯ ವರ್ಷವೂ ಅವರನ್ನೇ ಉಳಿಸಿಕೊಳ್ಳಿ.